ಸಿಂಪಿಗೆ ಮನೆ ಕಟ್ಟುವ ವಿಜ್ಞಾನ

ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಯು ಒಂದು ಕಾಲಕ್ಕೆ ಸಿಂಪಿಗಳ ಕಣಜವೆನಿಸಿತ್ತು. ಹಿಡಿಯುವ ಭರದಲ್ಲಿ ಬೆಳೆಸುವುದನ್ನು ಮರೆತರೆ ಈ ಸಂಪತ್ತು ಅಳಿಯುವುದೆಂದು ಜೀವವಿಜ್ಞಾನಿ ವಿಲಿಯಂ ಕೀತ್ ಬ್ರೂಕ್ಸ್ 1891ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎಚ್ಚರಿಸಿದ್ದರು. ಆ ಮಾತಿಗೆ ಕಿವಿಗೊಟ್ಟವರು ವಿರಳ.

ಸಿಂಪಿಯ ಮರಿಯು ಎರಡು-ಮೂರು ವಾರ ನೀರಿನಲ್ಲಿ ತೇಲಾಡಿ, ಬಳಿಕ ಗಟ್ಟಿಯಾದ ನೆಲೆಯೊಂದಕ್ಕೆ ಅಂಟಿಕೊಂಡು ಅಲ್ಲಿಯೇ ಬಾಳುತ್ತದೆ. ಹಿರಿಯ ಸಿಂಪಿಗಳ ಚಿಪ್ಪೇ ಅದಕ್ಕೆ ಉತ್ತಮ ಆಸರೆ. ಮಾಂಸದೊಡನೆ ಚಿಪ್ಪನ್ನೂ ಹೊತ್ತೊಯ್ದಾಗ ಮುಂದಿನ ಪೀಳಿಗೆಯ ಮನೆಯೇ ಇಲ್ಲವಾಯಿತು. ರೋಗ, ಮಾಲಿನ್ಯಗಳೂ ಜೊತೆಗೂಡಿದವು.

ಈ ಹಾನಿಯನ್ನು ತುಂಬಿಕೊಡುವುದೇ ಇಂದಿನ ಜೀವವಿಜ್ಞಾನಿಗಳ ಹೊಣೆ. ಅವರು ಕೊಲ್ಲಿಯ ತಳದ ಸಿಂಪಿಗಳನ್ನು ಎಣಿಸಿ, ಅಳೆದು, ಎಷ್ಟು ಹಿಡಿಯಬಹುದೆಂದು ಸರಕಾರಕ್ಕೆ ತಿಳಿಸುತ್ತಾರೆ. ಮರಿಗಳನ್ನು ತೊಟ್ಟಿಗಳಲ್ಲಿ ಬೆಳೆಸಿ, ಹಳೆಯ ಚಿಪ್ಪುಗಳ ಮೇಲೆ ನೆಲೆಗೊಳಿಸಿ, ಮತ್ತೆ ಕೊಲ್ಲಿಗೆ ಬಿಡುತ್ತಾರೆ. ಹೀಗೆ ಕೊಲ್ಲಿಯ ಕವಲಾದ ಹ್ಯಾರಿಸ್ ಕ್ರೀಕ್‌ನಲ್ಲಿ 2015ರ ವೇಳೆಗೆ ಸುಮಾರು 350 ಎಕರೆ ಸಿಂಪಿ ದಿಬ್ಬಗಳು ಮರಳಿ ಸಿದ್ಧವಾದವು. ಅಲ್ಲಿ ಸಿಂಪಿ ಹಿಡಿಯುವುದು ನಿಷಿದ್ಧ.

ಈ ನಿಷೇಧವು ಬೆಸ್ತರ ಅನ್ನಕ್ಕೆ ತಡೆಯೆಂಬ ದೂರು ಸಹಜವೇ. ಆದರೆ ಸಿಂಪಿಯು ನೀರನ್ನು ಸೋಸಿ ತಿಳಿಗೊಳಿಸುವ ಜೀವಿ. ಅದರ ದಿಬ್ಬವು ಮೀನು, ಏಡಿಗಳಿಗೂ ಆಶ್ರಯ. ಬಿತ್ತನೆಯ ಬೀಜವನ್ನು ಉಣ್ಣದೆ ಕಾದಿಡುವ ಒಕ್ಕಲಿಗನ ವಿವೇಕವೇ ಇಲ್ಲಿಯೂ ಬೇಕಾಗಿದೆ.