ಬಿಟ್ಟಿ ಆ್ಯಪಿನ ಸಂಪಾದನೆ

ಕಳೆದ ಬೇಸಗೆಯ ರಜದಲ್ಲಿ ಒಂದು ದಿನ ಮಧ್ಯಾಹ್ನದ ಊಟವಾದ ತರುವಾಯ ನಮ್ಮ ಮೊಮ್ಮಗನು ಮೊಬೈಲನ್ನು ಹಿಡಿದು ನಮ್ಮ ಬಳಿಗೆ ಬಂದು, "ತಾತ, ನನ್ನ ಜೀವಗಳೆಲ್ಲ ಮುಗಿದುಹೋದವು, ಒಂದಿಷ್ಟು ಕೊಂಡುಕೊಡು" ಎಂದನು. ಆಟದಲ್ಲಿ ಸೋತಾಗಲೆಲ್ಲ ಒಂದೊಂದು ಜೀವ ಕಳೆಯುವುದೆಂದೂ, ಕಳೆದ ಜೀವವು ಅರ್ಧ ಗಂಟೆ ಕಾದರೆ ತಾನಾಗಿ ಮರಳಿ ಬರುವುದೆಂದೂ, ಕಾಯಲಾರದವರು ದುಡ್ಡು ತೆತ್ತು ಆ ಕ್ಷಣವೇ ಪಡೆಯಬಹುದೆಂದೂ ವಿವರಿಸಿದನು. ಹಾಗಾದರೆ ಈ ಆಟಕ್ಕೆ ಎಷ್ಟು ಕೊಟ್ಟಿರೆಂದು ಕೇಳಿದೆವು. "ಇಲ್ಲ ತಾತ, ಇದು ಫ್ರೀ" ಎಂದನು. ಜೀವವನ್ನು ಕ್ರಯಕ್ಕೆ ಕೊಡುವ ಆಟವು ಬಿಟ್ಟಿಯೆನ್ನಿಸಿಕೊಳ್ಳುವುದು ನಮಗೆ ವಿಚಿತ್ರವಾಗಿ ತೋರಿತು. ಆ ಹೊತ್ತು ಅವನಿಗೆ ಜೀವವನ್ನು ಕೊಡಿಸಲಿಲ್ಲ. ಹಲಸಿನ ತೊಳೆಗಳನ್ನು ಕೈಗಿತ್ತು ಅರ್ಧ ಗಂಟೆಯನ್ನು ಕಳೆಯಿಸಿದೆವು.

ಅದೇ ವಾರದಲ್ಲಿ ನಮ್ಮ ಸೋದರಳಿಯನು ಮೈಸೂರಿನಿಂದ ಬಂದನು. ಇವನು ಒಳ್ಳೆಯ ಸಂಬಳದ ನೌಕರಿಯನ್ನು ಬಿಟ್ಟು, ಮಕ್ಕಳಿಗೆ ಕನ್ನಡದ ಅಕ್ಷರ ತಿದ್ದಿಸುವ ಆ್ಯಪೊಂದನ್ನು ಒಂದು ವರ್ಷದಿಂದ ಸಿದ್ಧಪಡಿಸುತ್ತಿದ್ದವನು. ಕೂಡಿಟ್ಟ ಹಣ ಕರಗುತ್ತ ಬಂದಿತ್ತು. ನಮ್ಮ ತಂಗಿಗೆ ಅದೇ ಕೊರಗು. "ಮಾವ, ಬಾಗಿಲಲ್ಲೇ ಬೆಲೆಯಿಟ್ಟರೆ ಯಾರೂ ಒಳಕ್ಕೆ ಕಾಲಿಡುವುದಿಲ್ಲ. ಬಿಟ್ಟಿಯಾಗಿ ಕೊಟ್ಟು, ಒಳಗೆ ಏನನ್ನಾದರೂ ಮಾರಿ ಬದುಕಬೇಕು. ಏನನ್ನು ಮಾರಲಿ?" ಎಂಬುದು ಅವನ ಪ್ರಶ್ನೆ. ಕೊಳ್ಳುವವನ ಮಾತನ್ನು ಮೊಮ್ಮಗನಿಂದ ಕೇಳಿದ್ದ ನಮಗೆ ಮಾರುವವನ ಮಾತನ್ನು ಅಳಿಯನಿಂದ ಕೇಳುವ ಯೋಗ ಬಂದಿತು. ಇವೆರಡನ್ನೂ ಕೂಡಿಸಿ ವಿಚಾರಿಸಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇವೆ.

ಈ ವ್ಯಾಪಾರವು ತೀರ ಹೊಸದು. ಆಪಲ್ ಕಂಪನಿಯವರು ತಮ್ಮ ಆ್ಯಪುಗಳ ಅಂಗಡಿಯನ್ನು ತೆರೆದುದು ೨೦೦೮ನೆಯ ಇಸವಿ ಜುಲೈ ೧೦ರಂದು. ಆಗ ಅಲ್ಲಿದ್ದುವು ಸುಮಾರು ೫೦೦ ಆ್ಯಪುಗಳು. ಒಂದೋ ಪೂರ್ಣ ಬಿಟ್ಟಿ, ಇಲ್ಲವೇ ಬಾಗಿಲಲ್ಲೇ ಬೆಲೆ. ೨೦೦೯ರ ಜೂನ್ ತಿಂಗಳಲ್ಲಿ ಆ್ಯಪಿನ ಒಳಗೂ ಸರಕನ್ನು ಮಾರಬಹುದೆಂದು ಅಪ್ಪಣೆಯಾಯಿತು. ಆದರೆ ಬೆಲೆಯುಳ್ಳ ಆ್ಯಪುಗಳಿಗೆ ಮಾತ್ರ. ಅದೇ ವರ್ಷದ ಅಕ್ಟೋಬರಿನಲ್ಲಿ ಬಿಟ್ಟಿ ಆ್ಯಪುಗಳಿಗೂ ಆ ಅಪ್ಪಣೆ ದೊರೆಯಿತು. ಗೂಗಲಿನವರು ೨೦೧೧ರ ಮಾರ್ಚಿಯಲ್ಲಿ ಇದೇ ಏರ್ಪಾಡನ್ನು ತಂದರು. ಅಕ್ಟೋಬರಿನ ಆ ಒಂದು ಸಣ್ಣ ತಿದ್ದುಪಡಿಯೇ ಇಂದಿನ ಈ ದೊಡ್ಡ ಸಂತೆಗೆ ಮೂಲ. ಜಾತ್ರೆಯ ಡೇರೆಯವನು ಬಾಗಿಲ ಟಿಕೆಟನ್ನು ಕಿತ್ತುಹಾಕಿ, ಒಳಗೆ ಬಂದವರಿಗೆ ಬೆಂಡುಬತ್ತಾಸು ಮಾರಲು ಹೊರಟಂತಾಯಿತು. "ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ" ಎನ್ನುವ ಜನ ಎಲ್ಲ ದೇಶಗಳಲ್ಲಿಯೂ ಇರುವರಷ್ಟೆ, ಡೇರೆ ತುಂಬಿತು.

ಒಳಗೆ ಮಾರುವ ಸರಕು ಮುಖ್ಯವಾಗಿ ಮೂರು ಬಗೆಯದು. ಒಮ್ಮೆ ಕೊಂಡರೆ ಶಾಶ್ವತವಾಗಿ ನಮ್ಮದಾಗಿ ಉಳಿಯುವುದು ಒಂದು: ಮುಂದಿನ ಪಾಠಗಳು, ಜಾಹೀರಾತಿನ ಕಾಟವಿಲ್ಲದ ಪರದೆ, ಇಂಥವು. ಬಳಸಿದಂತೆ ಮುಗಿದುಹೋಗುವುದು ಮತ್ತೊಂದು: ಜೀವ, ರತ್ನ, ಚಿನ್ನದ ಗಟ್ಟಿ ಮುಂತಾದ ಹೆಸರುಗಳಿಂದ ಇದು ತೋರುತ್ತದೆ. ಮೂರನೆಯದು ಚಂದಾ. ಚಂದಾದ ವಿಷಯವನ್ನು ಮಾಸಪತ್ರಿಕೆಯ ವಾಚಕರಿಗೆ ನಾವು ಹೇಳಬೇಕಾದುದಿಲ್ಲ. ವರ್ಷ ತುಂಬಿದೊಡನೆ ಕೇಳದೆಯೇ ವಿ. ಪಿ. ಕಳುಹಿಸಿ ಹಣ ವಸೂಲು ಮಾಡುತ್ತಿದ್ದ ಸಂಪಾದಕರು ಹಿಂದೆ ನಮ್ಮಲ್ಲಿಯೂ ಇದ್ದರು. ಅಂದಿನ ವಿ. ಪಿ.ಯನ್ನಾದರೆ ಟಪಾಲಿನವನ ಮುಂದೆಯೇ ತಿರಸ್ಕರಿಸಬಹುದಿತ್ತು; ಆ್ಯಪಿನ ಚಂದಾವಾದರೋ, ನಾವಾಗಿ ಹೋಗಿ ರದ್ದು ಮಾಡುವವರೆಗೂ ತಾನೇ ನವೀಕರಣವಾಗುತ್ತ ಹೋಗುತ್ತದೆ. ಆ್ಯಪನ್ನು ಮೊಬೈಲಿನಿಂದ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲವೆಂಬುದನ್ನು ಅನೇಕರು ಹಣ ಕಳೆದುಕೊಂಡ ಮೇಲೆಯೇ ತಿಳಿಯುತ್ತಾರೆ.

ಈ ಮೂರರಲ್ಲಿ ಅತ್ಯಂತ ಲಾಭದಾಯಕವಾಗಿ ಕಂಡುಬಂದುದು ಮುಗಿದುಹೋಗುವ ಸರಕು. ಕ್ಯಾಂಡಿ ಕ್ರಷ್ ಸಾಗಾ ಎಂಬ ಮಿಠಾಯಿ ಜೋಡಿಸುವ ಆಟವನ್ನು ವಾಚಕರಲ್ಲಿ ಹಲವರು ಬಲ್ಲರು. ಸ್ವೀಡನ್ನಿನಲ್ಲಿ ಹುಟ್ಟಿದ ಕಿಂಗ್ ಎಂಬ ಕಂಪನಿಯವರು ೨೦೧೨ರಲ್ಲಿ ಹೊರತಂದುದು. ಐದು ಜೀವ, ಹೋದ ಒಂದೊಂದಕ್ಕೂ ಅರ್ಧ ಗಂಟೆಯ ಕಾಯುವಿಕೆ. ೨೦೧೪ರಲ್ಲಿ ಕಂಪನಿಯು ತನ್ನ ಷೇರುಗಳನ್ನು ನ್ಯೂಯಾರ್ಕಿನ ಪೇಟೆಗೆ ತಂದಾಗ ಲೆಕ್ಕಪತ್ರಗಳನ್ನು ಬಹಿರಂಗಪಡಿಸಬೇಕಾಯಿತು. ೨೦೧೩ನೆಯ ವರ್ಷದ ಆದಾಯ ಸುಮಾರು ೧೮೮ ಕೋಟಿ ಡಾಲರು! ಆ ವರ್ಷದ ಕೊನೆಯ ಮೂರು ತಿಂಗಳಲ್ಲಿ ಅವರ ಆಟಗಳನ್ನು ತಿಂಗಳಿಗೆ ಸುಮಾರು ೩೦ ಕೋಟಿ ಜನ ಆಡುತ್ತಿದ್ದರು. ದುಡ್ಡು ಕೊಟ್ಟವರು ಸುಮಾರು ೧ ಕೋಟಿ ೨೦ ಲಕ್ಷ. ಎಂದರೆ ನೂರಕ್ಕೆ ನಾಲ್ವರು. ಉಳಿದ ತೊಂಬತ್ತಾರು ಮಂದಿ ಆ ನಾಲ್ವರ ಖರ್ಚಿನಲ್ಲಿ ಆಡಿದವರು.

ಇಲ್ಲಿಯೇ ಈ ವ್ಯಾಪಾರದ ಗುಟ್ಟು ಅಡಗಿದೆ. ಹೋಟೆಲಿನವನು ಬಂದವರೆಲ್ಲರಿಂದಲೂ ಸ್ವಲ್ಪ ಸ್ವಲ್ಪ ಸಂಪಾದಿಸುತ್ತಾನೆ. ಬಿಟ್ಟಿ ಆ್ಯಪಿನವನಾದರೋ ಬಹುಮಂದಿಯಿಂದ ಏನನ್ನೂ ಪಡೆಯದೆ ಕೆಲವರಿಂದ ಬಹಳ ಪಡೆಯಬೇಕು. ಆ ಕೆಲವರು ಮತ್ತೆ ಮತ್ತೆ ಕೊಳ್ಳುವಂತಿರಬೇಕಾದರೆ ಸರಕು ಮತ್ತೆ ಮತ್ತೆ ಮುಗಿಯಬೇಕು. ಅತಿಯಾಗಿ ಸುರಿಯುವ ಗಿರಾಕಿಗಳಿಗೆ ಆ ಕಸುಬಿನವರು ಜೂಜುಮಂದಿರಗಳ ಭಾಷೆಯಿಂದ ಎರವಲು ತಂದು "ತಿಮಿಂಗಿಲ"ಗಳೆಂದು ಹೆಸರಿಟ್ಟಿರುವುದು ಸುಮ್ಮನೆ ಅಲ್ಲ. ಅಲ್ಲಿ ಮಾರುವುದು ವಸ್ತುವನ್ನಲ್ಲ, ಕಾಯಲಾರದ ಮನಸ್ಸಿಗೆ ಬಿಡುಗಡೆಯನ್ನು; ಕಾಯಿಸುವವನೂ ಬಿಡಿಸುವವನೂ ಒಬ್ಬನೇ.

ತಿಳಿದ ವಯಸ್ಸಿನವರು ತಮ್ಮ ದುಡ್ಡನ್ನು ಹಾಗೆ ಕಳೆದರೆ ಅವರಿಷ್ಟ. ಮಕ್ಕಳ ಮಾತು ಬೇರೆ. ಸ್ಮರ್ಫ್ಸ್ ವಿಲೇಜ್ ಎಂಬ ಬಿಟ್ಟಿ ಆಟದಲ್ಲಿ "ಸ್ಮರ್ಫ್ ಹಣ್ಣು"ಗಳನ್ನು ಮಾರುತ್ತಿದ್ದರು. ಅಮೆರಿಕದ ಮೇರಿಲ್ಯಾಂಡಿನಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಆ ಆಟದಲ್ಲಿ ೧,೪೦೦ ಡಾಲರಿನಷ್ಟು ಖರ್ಚು ಮಾಡಿದ ಸಂಗತಿಯು ೨೦೧೧ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಿರಿಯರು ಒಮ್ಮೆ ಗುಪ್ತಪದವನ್ನು ಒತ್ತಿದರೆ ಹದಿನೈದು ನಿಮಿಷಗಳವರೆಗೆ ಅಂಗಡಿಯ ಬಾಗಿಲು ತೆರೆದೇ ಇರುತ್ತಿದ್ದುದು ಆಗಿನ ಲೋಪ. ಮರುತಿಂಗಳೇ ಆಪಲಿನವರು ಆ್ಯಪಿನೊಳಗಣ ಖರೀದಿಗೆ ಬೇರೆಯಾಗಿ ಗುಪ್ತಪದವನ್ನು ಕೇಳುವಂತೆ ಮಾಡಿದರು. ಆದರೂ ದೂರುಗಳು ನಿಲ್ಲಲಿಲ್ಲ. ೨೦೧೪ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನೊಡನೆ ಆದ ಒಪ್ಪಂದದಂತೆ ಆಪಲಿನವರು ತಾಯಿತಂದೆಗಳಿಗೆ ಕನಿಷ್ಠ ೩ ಕೋಟಿ ೨೫ ಲಕ್ಷ ಡಾಲರನ್ನೂ, ಅದೇ ಸೆಪ್ಟೆಂಬರಿನ ಒಪ್ಪಂದದಂತೆ ಗೂಗಲಿನವರು ಕನಿಷ್ಠ ೧ ಕೋಟಿ ೯೦ ಲಕ್ಷ ಡಾಲರನ್ನೂ ಹಿಂದಿರುಗಿಸಬೇಕಾಯಿತು.

ಇನ್ನು ನಮ್ಮ ಅಳಿಯನ ಲೆಕ್ಕ. ಸ್ವರಗಳ ಪಾಠವನ್ನು ಬಿಟ್ಟಿಯಾಗಿ ಕೊಟ್ಟು, ವ್ಯಂಜನ, ಕಾಗುಣಿತ, ಒತ್ತಕ್ಷರಗಳನ್ನು ೯೯ ರೂಪಾಯಿಗೆ ಒಂದೇ ಸಲ ಮಾರಬೇಕೆಂಬುದು ಅವನ ಮೊದಲಿನ ಯೋಚನೆ. ಕಾಗದ ಪೆನ್ಸಿಲು ತೆಗೆದುಕೊಂಡು ಜಗುಲಿಯ ಮೇಲೆ ಕುಳಿತೆವು. ಹತ್ತು ಸಾವಿರ ಮನೆಯವರು ಆ್ಯಪನ್ನು ಇಳಿಸಿಕೊಂಡರೆಂದೂ, ನೂರಕ್ಕೆ ಇಬ್ಬರು ಕೊಂಡರೆಂದೂ ಇಟ್ಟುಕೊಳ್ಳೋಣ. ಇನ್ನೂರು ಜನಕ್ಕೆ ೧೯,೮೦೦ ರೂಪಾಯಿ. ಅಂಗಡಿಯವರ ಕಮಿಷನ್ನು ಮೊದಲಿನಿಂದಲೂ ನೂರಕ್ಕೆ ೩೦ ಇತ್ತು. ೨೦೨೧ರಲ್ಲಿ ಆಪಲಿನವರೂ ಗೂಗಲಿನವರೂ ಸಣ್ಣ ತಯಾರಕರಿಗೆ ಅದನ್ನು ೧೫ಕ್ಕೆ ಇಳಿಸಿದರು. ಹದಿನೈದನ್ನೇ ಹಿಡಿದರೂ ೨,೯೭೦ ಹೋಗಿ ಉಳಿಯುವುದು ೧೬,೮೩೦. ತೆರಿಗೆಯ ಮಾತು ಬೇರೆ. ಇದೂ ಪ್ರತಿ ತಿಂಗಳು ಬರುವುದಲ್ಲ. ಕೊಂಡವರು ಮತ್ತೆ ಕೊಳ್ಳುವುದಿಲ್ಲವಷ್ಟೆ. ಕಾಗದವನ್ನು ನೋಡಿ ನಮ್ಮ ತಂಗಿಯು ಒಳಕ್ಕೆ ಎದ್ದುಹೋದಳು.

ಈ ಕಮಿಷನ್ನಿನ ವಿಷಯವಾಗಿ ನಮ್ಮ ದೇಶದಲ್ಲಿಯೂ ವ್ಯಾಜ್ಯ ನಡೆದಿದೆ. ಆ್ಯಪಿನವರು ತನ್ನ ಪಾವತಿಯ ಏರ್ಪಾಡನ್ನೇ ಬಳಸಬೇಕೆಂದು ಗೂಗಲು ಕಡ್ಡಾಯ ಮಾಡಿದುದಕ್ಕಾಗಿ ಭಾರತದ ಸ್ಪರ್ಧಾ ಆಯೋಗವು ೨೦೨೨ರ ಅಕ್ಟೋಬರಿನಲ್ಲಿ ೯೩೬.೪೪ ಕೋಟಿ ರೂಪಾಯಿ ದಂಡವನ್ನು ವಿಧಿಸಿತು. ೨೦೨೫ರ ಮಾರ್ಚಿಯಲ್ಲಿ ಮೇಲ್ಮನವಿ ನ್ಯಾಯಾಧಿಕರಣವು ಅದನ್ನು ಸುಮಾರು ೨೧೬ ಕೋಟಿಗೆ ಇಳಿಸಿತು. ಆನೆಗಳ ಈ ಕಾದಾಟದಲ್ಲಿ ನಮ್ಮ ಅಳಿಯನಂಥವರದು ಗರಿಕೆಯ ಪಾಡು.

ಅವನ ಗೆಳೆಯನೊಬ್ಬನು ಬೇರೊಂದು ಉಪಾಯವನ್ನು ಹೇಳಿಕೊಟ್ಟಿದ್ದನಂತೆ. ಒಂದೊಂದು ಅಕ್ಷರಕ್ಕೂ ಒಂದು ನಕ್ಷತ್ರವನ್ನು ಖರ್ಚು ಮಾಡಿಸುವುದು. ಮಗು ತಪ್ಪು ತಿದ್ದಿದರೆ ಮತ್ತೊಂದು. ನಕ್ಷತ್ರ ಮುಗಿದರೆ ನಾಳೆಯವರೆಗೆ ಕಾಯಬೇಕು, ಇಲ್ಲವೇ ಕೊಳ್ಳಬೇಕು. ಹೀಗೆ ಮಾಡಿದರೆ ಗಳಿಕೆ ಹೆಚ್ಚೆಂಬುದರಲ್ಲಿ ನಮಗೂ ಸಂಶಯವಿಲ್ಲ. ಆದರೆ "ಳ" ತಿದ್ದಲು ಕೈ ತಿರುಗದ ಮಗುವಿನಿಂದಲೇ ಹೆಚ್ಚು ಹಣ ಬರುವಂಥ ಶಾಲೆಯನ್ನು ನಾವು ಕಾಣೆವು. ಹಾಗೆಂದೇ ಹೇಳಿದೆವು. ಸಾಲವಿಲ್ಲದ ನಮಗೆ ಈ ಮಾತು ಸುಲಭವೆಂಬುದೂ ತಿಳಿದಿತ್ತು. ಅವನು ಬಹಳ ಹೊತ್ತು ಮಾತನಾಡಲಿಲ್ಲ.

ಗೃಹಸ್ಥರಿಗೆ ಉಪಯೋಗವಾಗುವ ಎರಡು ಮಾತುಗಳನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಮೊಬೈಲಿನ ಸೆಟ್ಟಿಂಗಿನಲ್ಲಿ ಪ್ರತಿ ಖರೀದಿಗೂ ಗುಪ್ತಪದವನ್ನು ಕೇಳುವಂತೆ ಮಾಡಬಹುದು. ಆಪಲಿನ ಫೋನಿನಲ್ಲಾದರೆ ಆ್ಯಪಿನೊಳಗಣ ಖರೀದಿಯನ್ನೇ ಪೂರ್ತಿಯಾಗಿ ಮುಚ್ಚಿಡಬಹುದು. ತಾಯಿತಂದೆಗಳ ಒಪ್ಪಿಗೆಯಿಲ್ಲದೆ ಆಟಗಳಲ್ಲಿ ಖರೀದಿಗೆ ಅವಕಾಶ ಕೊಡಬಾರದೆಂದೂ, ಓಟಿಪಿ ಕೇಳುವ ಪಾವತಿಯ ಕ್ರಮವನ್ನೇ ಇಟ್ಟುಕೊಳ್ಳಬೇಕೆಂದೂ ಕೇಂದ್ರ ಶಿಕ್ಷಣ ಸಚಿವಾಲಯವು ೨೦೨೧ರ ಡಿಸೆಂಬರಿನಲ್ಲಿ ಸಲಹೆಯನ್ನಿತ್ತಿತು. ಸಲಹೆ ಒಳ್ಳೆಯದೇ. ಆದರೆ ಓಟಿಪಿ ಬರುವುದು ಮಗುವಿನ ಕೈಯಲ್ಲಿರುವ ಅದೇ ಮೊಬೈಲಿಗೆ ಎಂಬುದನ್ನು ಮರೆಯಬಾರದು.

ಅಳಿಯನ ಆ್ಯಪು ದಸರೆಯ ಹೊತ್ತಿಗೆ ಹೊರಬಂದಿತು. ನಕ್ಷತ್ರಗಳಿಲ್ಲ, ೯೯ ರೂಪಾಯಿ, ಒಂದೇ ಸಲ. ಕೊಂಡವರು ಇನ್ನೂ ಬೆರಳೆಣಿಕೆಯ ಮಂದಿ. ಅವನು ಬೆಳಗಿನ ಹೊತ್ತು ಕಾಲೇಜೊಂದರಲ್ಲಿ ಪಾಠ ಹೇಳಲು ಒಪ್ಪಿಕೊಂಡಿದ್ದಾನೆ, ನಮ್ಮ ತಂಗಿಗೆ ಅಷ್ಟು ಸಮಾಧಾನ. ಹಣ ಕೊಡುವ ಪುಟವನ್ನು ಮಕ್ಕಳು ತೆರೆಯದಿರಲೆಂದು ಅದರ ಮುಂದೆ ಒಂದು ಲೆಕ್ಕವನ್ನು ಕಾವಲಿಟ್ಟಿದ್ದಾನೆ: ಹದಿನೇಳಾರಲೆ ಎಷ್ಟು? ಉತ್ತರ ಸರಿಯಾದರೆ ಮಾತ್ರ ಮುಂದಿನ ಪುಟ. ನಾವು ಅದನ್ನು ಮೊಮ್ಮಗನಿಗೆ ತೋರಿಸಿದೆವು. ಇಪ್ಪತ್ತರವರೆಗೆ ಮಗ್ಗಿಯನ್ನು ಬಾಯಿಪಾಠ ಮಾಡಿಸಿದವರು ನಾವೇ. "ನೂರೆರಡು" ಎಂದು ಒತ್ತಿ ಒಳಗೆ ಹೋಗಿಬಿಟ್ಟನು. ಬೇರೆ ಬೀಗವನ್ನು ಹುಡುಕಬೇಕೆಂದು ಅಳಿಯನಿಗೆ ಅಂದೇ ಬರೆದು ತಿಳಿಸಿದ್ದೇವೆ.