ಅಪ್ಪನ ಸಾಮಾನಿನಲ್ಲಿ ಅಪ್ಪನ ಮುಖ

ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ನಾವು ಏನು ಮಾಡ್ತೀವಿ? ಒಂದು ಫೋಟೋ ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸಿ, ಗೋಡೆಗೆ ತೂಗುಹಾಕಿ ಹಾರ ಹಾಕ್ತೀವಿ. ಅವರ ಕನ್ನಡಕ, ಪೆನ್ನು, ಬೀಗದ ಕೈ ಗೊಂಚಲು, ನಿಂತುಹೋದ ವಾಚು? ಅವೆಲ್ಲ ಒಂದು ಬಿಸ್ಕತ್ ಡಬ್ಬಿ ಸೇರಿ ಅಟ್ಟಕ್ಕೆ ಹೋಗುತ್ತವೆ. ಎಸೆಯೋಕೆ ಮನಸ್ಸು ಬರಲ್ಲ, ಇಟ್ಟುಕೊಂಡರೆ ಉಪಯೋಗ ಇಲ್ಲ. ಈಗ ಆ ಡಬ್ಬಿಯನ್ನೇ ಕೇಳುವ ಕಲಾವಿದರಿದ್ದಾರೆ. ಫೋಟೋ ಕೊಡಿ, ಸಾಮಾನು ಕೊಡಿ, ಅದರಿಂದಲೇ ಅವರ ಮುಖ ಮಾಡಿಕೊಡ್ತೀವಿ ಅಂತಾರೆ. ದುಡ್ಡು ಕೊಟ್ಟು ಮಾಡಿಸಿಕೊಳ್ಳೋರೂ ಇದ್ದಾರೆ.

ಇದೇನೋ ಇನ್‌ಸ್ಟಾಗ್ರಾಮ್ ಕಾಲದ ಐಡಿಯಾ ಅಂದುಕೊಳ್ಳಬೇಡಿ. ಮಿಲಾನ್ ನಗರದ ಚಿತ್ರಕಾರ ಜುಸೆಪ್ಪೆ ಆರ್ಚಿಂಬೋಲ್ಡೊ 1590ರ ಸುಮಾರಿಗೆ ಚಕ್ರವರ್ತಿ ಎರಡನೇ ರುಡಾಲ್ಫ್‌ನ ಮುಖವನ್ನ ಹಣ್ಣು ತರಕಾರಿಗಳಲ್ಲಿ ಬಿಡಿಸಿದ್ದ. ಮೂಗಿನ ಜಾಗದಲ್ಲಿ ಪೇರ್ ಹಣ್ಣು! ಆ ಚಿತ್ರ ಇವತ್ತಿಗೂ ಸ್ವೀಡನ್ನಿನ ಸ್ಕೂಕ್ಲೊಸ್ಟರ್ ಅರಮನೆಯಲ್ಲಿದೆ. ಆದರೆ ಅದು ಬಣ್ಣದಲ್ಲಿ ಬಿಡಿಸಿದ ಹಣ್ಣು, ನಿಜವಾದ ಹಣ್ಣಲ್ಲ.

ನಿಜವಾದ ಸಾಮಾನನ್ನೇ ಬಳಸಿದವರಲ್ಲಿ ಫ್ರಾನ್ಸ್‌ನ ಅರ್ಮಾನ್ ದೊಡ್ಡ ಹೆಸರು. 1960ರಲ್ಲಿ ತನ್ನ ಗೆಳೆಯ, ಕಲಾವಿದ ಈವ್ ಕ್ಲೈನ್‌ನ ಸ್ವಂತ ವಸ್ತುಗಳನ್ನ ಒಂದು ಪೆಟ್ಟಿಗೆಯಲ್ಲಿ ತುಂಬಿಸಿ, ಇದೇ ಅವನ ಭಾವಚಿತ್ರ ಅಂದ. ಕಣ್ಣಿಲ್ಲ, ಮೂಗಿಲ್ಲ. ಇಟ್ಟ ಹೆಸರು 'ಪೋರ್ಟ್ರೇ ರೋಬೋ'. ಫ್ರೆಂಚ್‌ನಲ್ಲಿ ಹಾಗಂದರೆ ಸಾಕ್ಷಿಗಳು ಹೇಳಿದ್ದನ್ನ ಕೇಳಿ ಪೊಲೀಸರು ಬರೆಸುವ ಆರೋಪಿಯ ರೇಖಾಚಿತ್ರ! ಸಾಮಾನುಗಳೇ ಸಾಕ್ಷಿ ಹೇಳಲಿ ಅನ್ನೋ ಲೆಕ್ಕ. ನನಗಂತೂ ಈ ತಮಾಷೆ ಬಹಳ ಇಷ್ಟ. ಆದರೆ ನಮ್ಮ ಮನೆಗಳಲ್ಲಿ ನಡೆಯಲ್ಲ ಬಿಡಿ. ಮುಖ ಇಲ್ಲದಿದ್ದರೆ ಅಜ್ಜಿ ಹಾರ ಎಲ್ಲಿಗೆ ಹಾಕಬೇಕು?

ಹಾಗಾದರೆ ಗುಂಡಿ, ಬೀಗದ ಕೈ, ಹಳೇ ಟಿಕೆಟ್‌ಗಳ ರಾಶಿ ನಮ್ಮ ಕಣ್ಣಿಗೆ ಮುಖವಾಗಿ ಕಾಣೋದು ಹೇಗೆ? ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ನನಗೆ ಮೊದಲು ಹುಟ್ಟಿದ ಪ್ರಶ್ನೆ ಇದೇ. 1973ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಲಿಯಾನ್ ಹಾರ್ಮನ್ ಒಂದು ಪ್ರಯೋಗ ಪ್ರಕಟಿಸಿದರು. ಅಬ್ರಹಾಂ ಲಿಂಕನ್ ಚಿತ್ರವನ್ನ ಕೆಲವೇ ನೂರು ಚೌಕಗಳಿಗೆ ಇಳಿಸಿದರು, ಒಂದೊಂದು ಚೌಕಕ್ಕೆ ಒಂದೇ ಬೂದು. ಹತ್ತಿರದಿಂದ ನೋಡಿದರೆ ಬರೀ ಚೌಕ. ನಾಲ್ಕು ಹೆಜ್ಜೆ ಹಿಂದೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರೆ, ಲಿಂಕನ್ ಪ್ರತ್ಯಕ್ಷ. ಚೌಕಗಳ ಚೂಪು ಅಂಚುಗಳು ಮಸುಕಾದಾಗ ಬೆಳಕು-ನೆರಳಿನ ದೊಡ್ಡ ಹಂಚಿಕೆ ಮಾತ್ರ ಉಳಿಯುತ್ತೆ, ಮಿದುಳಿಗೆ ಅಷ್ಟು ಸಾಕು.

ಸಾಮಾನಿನ ಭಾವಚಿತ್ರಕ್ಕೂ ಇದೇ ಸೂತ್ರ. ವಸ್ತುವಿನ ಬಣ್ಣಕ್ಕಿಂತ ಅದು ಎಷ್ಟು ಕಪ್ಪು, ಎಷ್ಟು ಬಿಳಿ ಅನ್ನೋದು ಮುಖ್ಯ. ಕಣ್ಣಿನ ಗುಳಿ, ಮೂಗಿನ ಪಕ್ಕ, ಕೆಳತುಟಿಯ ಕೆಳಗೆ ಗಾಢವಾದದ್ದು ಬೇಕು. ಹಣೆಗೆ ಅಂಗಿಯ ಬಿಳಿ ಗುಂಡಿ ಸಾಕು. ಜೋಡಿಸುವಾಗ ಮೊಬೈಲ್‌ನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದು ಪುಟ್ಟದಾಗಿ ನೋಡಿದರೆ ತಪ್ಪು ಎಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತೆ.

ನಮ್ಮ ವೀಕ್ಷಕಿಯೊಬ್ಬರು ಕೇಳಿದ್ದರು. "ಅಪ್ಪ ಬಸ್ ಕಂಡಕ್ಟರ್ ಆಗಿದ್ರು ಸರ್. ವಿಸಿಲ್, ಚರ್ಮದ ಬ್ಯಾಗು, ಟಿಕೆಟ್ ಕಟ್ಟು, ನಾನು ಹಾಸ್ಟೆಲ್‌ನಲ್ಲಿದ್ದಾಗ ಅವರು ಬರೆದ ಕಾಗದ, ಎಲ್ಲಾ ಇದೆ. ಕೊಟ್ಟುಬಿಡ್ಲಾ?"

ಕೊಟ್ಟುಬಿಡಬೇಡಿ ಮೇಡಂ. ಕಾಗದವನ್ನಂತೂ ಕೊಡಲೇಬೇಡಿ. ಸ್ಕ್ಯಾನ್ ಮಾಡಿಸಿ ಪ್ರಿಂಟ್ ಕೊಡಿ. ಚಿತ್ರಕ್ಕೆ ಬೇಕಾದ್ದು ಅಪ್ಪನ ಅಕ್ಷರದ ಬಳುಕು ಮಾತ್ರ. ಅಂಟು ಹಾಕಿದ ಕಾಗದವನ್ನ ಹರಿಯದೆ ಬಿಡಿಸೋದು ಕಷ್ಟ. ಅಗ್ಗದ ಕಾಗದದಲ್ಲಿರುವ ಆಮ್ಲ ಅದನ್ನ ಹಳದಿ ಮಾಡಿ ಪುಡಿ ಮಾಡುತ್ತೆ, ಬಿಸಿಲು ಬಿದ್ದರೆ ಇನ್ನೂ ಬೇಗ. ವಿಸಿಲ್‌ಗೆ ಅಂಟು ಬೇಡ, ಸಣ್ಣ ತಂತಿಯಲ್ಲಿ ಕಟ್ಟಿಸಿ, ಮುಂದೆ ಮೊಮ್ಮಗು ಕೇಳಿದರೆ ಬಿಚ್ಚಿ ಊದಬಹುದು. ಬ್ಯಾಗನ್ನ ಕತ್ತರಿಸಬೇಕಾ ಅನ್ನೋದು ನೀವು ಮಾಡಬೇಕಾದ ತೀರ್ಮಾನ, ಕಲಾವಿದರದ್ದಲ್ಲ.

ಏನನ್ನೂ ಕಳೆದುಕೊಳ್ಳದ ದಾರಿ ಒಂದಿದೆ. ಬ್ರೆಜಿಲ್‌ನ ವಿಕ್ ಮುನಿಜ್ ತೋರಿಸಿದ್ದು. ರಿಯೊ ಡಿ ಜನೈರೊ ಹತ್ತಿರ ಜಾರ್ಡಿಮ್ ಗ್ರಮಾಶೊ ಅಂತ ಕಸದ ಬೆಟ್ಟವೇ ಇತ್ತು. 2012ರಲ್ಲಿ ಮುಚ್ಚಿದರು. ಅಲ್ಲಿ ಕಸ ಆಯುತ್ತಿದ್ದವರ ಫೋಟೋಗಳನ್ನ ಮುನಿಜ್ ದೊಡ್ಡ ಶೆಡ್ಡಿನ ನೆಲದ ಮೇಲೆ ಹಿಗ್ಗಿಸಿ, ಆ ಗೆರೆಗಳ ಮೇಲೆ ಅವರ ಕೈಯಲ್ಲೇ ಅವರು ಆಯ್ದ ವಸ್ತುಗಳನ್ನ ಜೋಡಿಸಿದರು. ಆಮೇಲೆ ಎತ್ತರದಿಂದ ಫೋಟೋ. ಕಲಾಕೃತಿ ಅಂದರೆ ಆ ಫೋಟೋ. ಆಯುವವರ ಸಂಘದ ಮುಂದಾಳುವಿನ ಚಿತ್ರ ಲಂಡನ್ ಹರಾಜಿನಲ್ಲಿ 28,000 ಪೌಂಡ್‌ಗೆ ಹೋಯಿತು. 2010ರ 'ವೇಸ್ಟ್ ಲ್ಯಾಂಡ್' ಸಾಕ್ಷ್ಯಚಿತ್ರದಲ್ಲಿ ಇದೆಲ್ಲ ಇದೆ, ಸಿಕ್ಕರೆ ನೋಡಿ. ಅದೇ ರೀತಿ ಅಪ್ಪನ ಸಾಮಾನು ಜೋಡಿಸಿ, ಫೋಟೋ ತೆಗೆಸಿ, ಡಬ್ಬಿ ವಾಪಸ್ ಮನೆಗೆ ತರಬಹುದು. ಅಕ್ಕನಿಗೊಂದು, ತಮ್ಮನಿಗೊಂದು ಪ್ರಿಂಟ್ ಕೂಡ ಸಿಗುತ್ತೆ.

ಅಕ್ಕ-ತಮ್ಮ ಅಂದೆನಲ್ಲ, ಅಲ್ಲೇ ಇರೋದು ನಿಜವಾದ ಗಲಾಟೆ. ವಿಲ್ ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು ಅನ್ನುತ್ತೆ 1956ರ ಉತ್ತರಾಧಿಕಾರ ಕಾಯ್ದೆ. ವಾಚೂ ಆಸ್ತಿಯೇ, ಉಂಗುರವೂ ಆಸ್ತಿಯೇ. ಒಬ್ಬರೇ ತೆಗೆದುಕೊಂಡು ಹೋಗಿ ಅಂಟಿಸಿಬಿಟ್ಟರೆ ತಿಥಿ ದಿನವೇ ಜಗಳ ಶುರು.

ಇನ್ನು ಕಾಪಿರೈಟ್. 1957ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಬರೆಸಿದ ಭಾವಚಿತ್ರ, ತೆಗೆಸಿದ ಫೋಟೋ ಇವುಗಳ ಕಾಪಿರೈಟ್, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರದ್ದು. ಆದರೆ ಗುಂಡಿ, ವಿಸಿಲ್ ಜೋಡಿಸಿದ್ದನ್ನ 'ಬರೆದ ಭಾವಚಿತ್ರ' ಅನ್ನಬಹುದಾ? ಇಲ್ಲಿ ವಕೀಲರಿಗೆ ವಾದಕ್ಕೆ ಜಾಗ ಇದೆ. ಆದ್ದರಿಂದ ಮುಂಗಡ ಕೊಡುವ ಮುಂಚೆ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಯಾವ್ಯಾವ ವಸ್ತು ಕೊಟ್ಟಿದ್ದೀರಿ, ಯಾವುದನ್ನ ಕತ್ತರಿಸಬಹುದು, ಚಿತ್ರವನ್ನ ಅವರು ಜಾಹೀರಾತಿಗೆ ಬಳಸಬಹುದಾ, ಮಿಕ್ಕ ಸಾಮಾನು ಯಾವ ತಾರೀಕಿಗೆ ವಾಪಸ್. ಕೊಟ್ಟ ಪ್ರತಿಯೊಂದು ವಸ್ತುವಿನ ಫೋಟೋ ನಿಮ್ಮ ಮೊಬೈಲ್‌ನಲ್ಲೂ ಇರಲಿ.