ರ‍್ಯಾಂಕ್ ನೋಡಿ ಎಂಎಸ್ಸಿ ಸೇರುವ ಮುಂಚೆ

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕ್ ಪಟ್ಟಿ 2016ರಿಂದ ಬರುತ್ತಿದೆ. ಪಟ್ಟಿ ಬಂದ ದಿನವೇ ಜಾಹೀರಾತುಗಳೂ ಶುರು. ಆದರೆ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಸಂಶೋಧನೆಗಿರುವುದು 100ಕ್ಕೆ 30 ಅಂಕ ಅಷ್ಟೇ. ಅದೂ ಇಡೀ ಸಂಸ್ಥೆಯದ್ದು, ನೀವು ಸೇರುವ ವಿಭಾಗದ್ದಲ್ಲ.

ಸೊರಬ ತಾಲ್ಲೂಕಿನ ನಮ್ಮ ಉಳವಿಯಲ್ಲಿ ಚಿಕ್ಕಪ್ಪನ ಮಗಳು ಬಾಟನಿಯಲ್ಲಿ ಎಂಎಸ್ಸಿ, ಆಮೇಲೆ ಪಿಎಚ್‌ಡಿ ಮಾಡಬೇಕು ಅಂತಿದ್ದಾಳೆ. ಬೆಂಗಳೂರಿನ ಖಾಸಗಿ ವಿವಿಯೊಂದರ ರ‍್ಯಾಂಕ್ ತೋರಿಸಿ, "ಅಣ್ಣಾ, ಶಂಕರಘಟ್ಟದ ಕುವೆಂಪು ವಿವಿಗಿಂತ ಇದೇ ಮೇಲಲ್ವಾ?" ಅಂದ್ಲು. ಚಿಕ್ಕಪ್ಪ ಆಗಲೇ ಅಡಿಕೆ ದುಡ್ಡು ಸಾಲದೆ ಬ್ಯಾಂಕ್ ಸಾಲದ ಮಾತಾಡುತ್ತಿದ್ದರು.

ಫೋನಿನಲ್ಲೇ ಶೋಧಗಂಗಾ ತೆರೆದೆವು. ದೇಶದ ವಿವಿಗಳ ಪಿಎಚ್‌ಡಿ ಪ್ರಬಂಧಗಳು ಪುಕ್ಕಟೆ ಸಿಗುವ ತಾಣ ಅದು. ಗೈಡ್ ಯಾರು, ವಿಷಯ ಏನು, ಯಾವ ವರ್ಷ ಮುಗಿಯಿತು, ಎಲ್ಲ ಗೊತ್ತಾಗುತ್ತದೆ. 1987ರಲ್ಲಿ ಶುರುವಾದ ಕುವೆಂಪು ವಿವಿಯಿಂದ ನಮ್ಮದೇ ಪಶ್ಚಿಮಘಟ್ಟದ ಗಿಡಮರಗಳ ಮೇಲಿನ ಪ್ರಬಂಧಗಳು ಸಿಕ್ಕವು. ಆ ಖಾಸಗಿ ವಿವಿಯಲ್ಲಿ ಅವಳ ವಿಷಯದ್ದು ಒಂದೂ ಸಿಗಲಿಲ್ಲ.

ಅಷ್ಟಕ್ಕೇ ಶಂಕರಘಟ್ಟ ಗೆದ್ದಿತು ಅನ್ನಬೇಡಿ. ಹಳೆಯ ಪ್ರಬಂಧದ ಗೈಡ್ ನಿವೃತ್ತರಾಗಿರಬಹುದು. ಈಗಿರುವ ಅಧ್ಯಾಪಕರ ಹೆಸರನ್ನು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ, ಕಳೆದ ಐದು ವರ್ಷದ್ದನ್ನಷ್ಟೇ ನೋಡಿ. ಲೇಖನದಲ್ಲಿ ವಿದ್ಯಾರ್ಥಿಯ ಹೆಸರು ಮೊದಲಿದೆಯೇ? ಜೀವವಿಜ್ಞಾನದಲ್ಲಿ ಸಾಮಾನ್ಯವಾಗಿ ಮೈಬಗ್ಗಿಸಿ ದುಡಿದವರ ಹೆಸರೇ ಮೊದಲು. ಲೇಖನಗಳ ಸಂಖ್ಯೆಗೆ ಮಾತ್ರ ಮರುಳಾಗಬೇಡಿ. ದುಡ್ಡು ಕೊಟ್ಟರೆ ಏನನ್ನಾದರೂ ಹಾಕುವ ಜರ್ನಲ್‌ಗಳೂ ಇವೆ.

ಇನ್ನುಳಿದದ್ದು ಯಾವ ವೆಬ್‌ಸೈಟಿನಲ್ಲೂ ಸಿಗಲ್ಲ, ಅಲ್ಲಿ ಪಿಎಚ್‌ಡಿ ಮಾಡುತ್ತಿರುವವರನ್ನೇ ಕೇಳಬೇಕು. ಲ್ಯಾಬಿನ ಉಪಕರಣ ಕೆಲಸ ಮಾಡ್ತಿದೆಯಾ? ಫೆಲೋಶಿಪ್ ಸರಿಯಾಗಿ ಬರ್ತಿದೆಯಾ? ಗೈಡ್ ಕೈಗೆ ಸಿಗ್ತಾರಾ? ತಂಗಿ ಇಷ್ಟನ್ನೂ ಬರ್ಕೊಂಡು ಸೋಮವಾರ ಶಂಕರಘಟ್ಟಕ್ಕೆ ಹೊರಟಿದ್ದಾಳೆ.